ಅಟ್ಟದಲ್ಲಿದ್ದ ಹಳೇ ಜೀನು, ಲಗಾಮು: ಮತ್ತೆ ಸವಾರಿಗೆ ತರಬಹುದಾ?

ಬ್ರಹ್ಮಾವರದ ಬಾರು

ಎಲ್ಲರಿಗೂ ನಮಸ್ಕಾರ. ಬೆಲ್ಟು, ಪರ್ಸು, ಕತ್ತಿಯ ಒರೆ, ಇಂಥದ್ದನ್ನೆಲ್ಲ ಕೈಯಲ್ಲೇ ಹೊಲಿದು ನನಗೆ ಅಭ್ಯಾಸ ಉಂಟು. ಕುದುರೆಯ ಸಾಮಾನಿಗೆ ಇದುವರೆಗೆ ಕೈ ಹಾಕಿಲ್ಲ. ಈಗ ದೊಡ್ಡಮ್ಮನ ಮನೆಯ ಅಟ್ಟದಿಂದ ಇಂಗ್ಲಿಷ್ ಮಾದರಿಯ ಒಂದು ಜೀನು ಮತ್ತು ಲಗಾಮಿನ ಪೂರ್ತಿ ಸೆಟ್ಟು ಕೆಳಗಿಳಿದಿದೆ. ದೊಡ್ಡಪ್ಪ ಮೈಸೂರಿನಲ್ಲಿ ಅಶ್ವಾರೋಹಿ ಪೊಲೀಸ್ ದಳದಲ್ಲಿದ್ದವರು. ಕೆಲಸ ಬಿಟ್ಟ ಮೇಲೆ ಸ್ವಂತಕ್ಕೆ ಅಂತ ಕೊಂಡು ತಂದದ್ದು ಇದು. ಅವರು ಹೋದ ಮೇಲೆ ಯಾರೂ ಮುಟ್ಟಿಲ್ಲ.

ಮಲ್ಪೆ ಕಡೆ ಕುದುರೆ ಸಾಕಿಕೊಂಡಿರುವ ಪರಿಚಯದವರೊಬ್ಬರು ಇದನ್ನು ನೋಡಿ, ಸರಿ ಮಾಡಿ ಕೊಟ್ಟರೆ ನಾನೇ ಬಳಸುತ್ತೇನೆ ಅಂದಿದ್ದಾರೆ. ನನಗೂ ಅದೇ ಆಸೆ. ಗೋಡೆಗೆ ತೂಗು ಹಾಕಲಿಕ್ಕೆ ಇಷ್ಟ ಇಲ್ಲ.

ಈಗಿನ ಸ್ಥಿತಿ ಹೇಳುತ್ತೇನೆ. ಜೀನಿನ ಮೇಲೆಲ್ಲ ಬಿಳಿ ಪದರ ಕೂತಿದೆ, ಬೂಸ್ಟು ಅಂತ ಕಾಣುತ್ತದೆ. ಹೊಟ್ಟೆಪಟ್ಟಿ ಕಟ್ಟುವ ಬಾರುಗಳು ಗಟ್ಟಿಯಾಗಿ ಬಿರುಕು ಬಿಟ್ಟಿವೆ. ಲಗಾಮಿನ ಹೊಲಿಗೆ ನಾಲ್ಕೈದು ಕಡೆ ಬಿಟ್ಟಿದೆ. ಬಕಲು ಕೆಲವು ತುಕ್ಕು, ಕೆಲವು ಹಸಿರು. ತೆಂಗಿನೆಣ್ಣೆ ಹಚ್ಚು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಯೂಟ್ಯೂಬಿನವರು ಇನ್ಯಾವುದೋ ಎಣ್ಣೆ ಹೇಳುತ್ತಾರೆ, ಅದೂ ತಿಂಗಳಿಗೊಮ್ಮೆ ಹಚ್ಚಬೇಕಂತೆ. ಎಲ್ಲಿಂದ ಶುರು ಮಾಡುವುದು? ಯಾವ ಚರ್ಮ, ಯಾವ ದಾರ ತೆಗೆದುಕೊಳ್ಳಬೇಕು? ಯಾವುದನ್ನು ಉಳಿಸಬಹುದು, ಯಾವುದನ್ನು ಬಿಸಾಡಬೇಕು?

ಕುಲಶೇಖರದ ಸೂಜಿದಾರ

ಮಾರಾಯ್ರೇ, ಮೊದಲು ಎಣ್ಣೆ ಬಾಟ್ಲಿ ಬದಿಗಿಡಿ. ನಾನು ಮಂಗಳೂರಿನಲ್ಲಿ ಹವ್ಯಾಸಕ್ಕೆ ಇದೇ ಕೆಲಸ ಮಾಡುವವನು. ಹಳೇ ಜೀನು ಸಿಕ್ಕಿದ ಕೂಡಲೇ ಎಲ್ಲರೂ ಎಣ್ಣೆ ಹಚ್ಚಿ ತಿಕ್ಕಲು ಕೂರುತ್ತಾರೆ, ಒಳಗಿನ ಚೌಕಟ್ಟು ಮುರಿದಿದ್ದರೆ ಆ ಶ್ರಮ ಎಲ್ಲ ಸುಮ್ನೆ ಹೋಗುತ್ತದೆ.

ಇಂಗ್ಲಿಷ್ ಜೀನಿನ ಒಳಗೆ ಮರದ ಚೌಕಟ್ಟು ಇರುತ್ತದೆ, ಕೆಲಸದವರು ಟ್ರೀ ಅನ್ನುತ್ತಾರೆ. ಹೆಚ್ಚಾಗಿ ಬೀಚ್ ಮರದ ತೆಳು ಪದರ ಅಂಟಿಸಿ ಮಾಡಿದ್ದು, ಜೊತೆಗೆ ಉಕ್ಕಿನ ಪಟ್ಟಿ. ಜೀನಿನ ಮುಂದಿನ ಉಬ್ಬನ್ನು ನಿಮ್ಮ ಹೊಟ್ಟೆಗೆ ಆನಿಸಿ, ಹಿಂದಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ. ಸ್ವಲ್ಪ ಬಾಗಿ, ಬಿಟ್ಟ ಕೂಡಲೇ ಮೊದಲಿನ ಹಾಗೆ ನಿಂತರೆ ಒಳ್ಳೆಯದು. ಕೂರುವ ಜಾಗದ ನಡುವೆ ಆಳವಾದ ಸುಕ್ಕು ಬಿದ್ದರೆ, ಕಟಕಟ ಅಂದರೆ, ಟ್ರೀ ಮುರಿದಿದೆ. ಆಮೇಲೆ ಮುಂದಿನ ಕಮಾನಿನ ಎರಡು ಕಾಲುಗಳನ್ನು ಒಳಕ್ಕೆ ಒತ್ತಿ, ಹೊರಕ್ಕೆ ಎಳೆದು ನೋಡಿ. ಅಲ್ಲಿ ಅಲುಗಾಟವೇ ಇರಬಾರದು. ಅಟ್ಟದಲ್ಲಿ ಇದ್ದದ್ದು ಅಂದಿರಿ, ಹಾಗಾಗಿ ಗೆದ್ದಲು, ಕುಟ್ಟೆ ನೋಡಲೇಬೇಕು. ಬಿಳಿ ಬಟ್ಟೆಯ ಮೇಲೆ ಜೀನನ್ನು ಕುಟ್ಟಿ, ಮರದ ಹುಡಿ ಉದುರುತ್ತದಾ ನೋಡಿ. ಟ್ರೀ ಹೋಗಿದ್ದರೆ ಅದನ್ನು ಸವಾರಿಗೆ ತರುವ ಆಸೆ ಬಿಡಿ. ಮುರಿದ ಟ್ರೀ ಭಾರವನ್ನೆಲ್ಲ ಕುದುರೆಯ ಬೆನ್ನಿನ ಒಂದೇ ಜಾಗಕ್ಕೆ ಹಾಕುತ್ತದೆ. ಮೇಲೆ ಕೂತವರಿಗೆ ಅದು ಗೊತ್ತಾಗುವುದೂ ಇಲ್ಲ.

ಟ್ರೀ ಗಟ್ಟಿ ಇದ್ದರೆ ಮುಂದೆ ಹೋಗೋಣ. ನನ್ನ ಲೆಕ್ಕದಲ್ಲಿ ಕುದುರೆ ಸಾಮಾನಿನಲ್ಲಿ ಎರಡು ಜಾತಿ. ಜೀವ ಹಿಡಿಯುವ ಬಾರುಗಳು ಒಂದು, ಉಳಿದದ್ದೆಲ್ಲ ಇನ್ನೊಂದು. ಹೊಟ್ಟೆಪಟ್ಟಿ ಕಟ್ಟುವ ಬಾರು, ರಿಕಾಪಿನ (ಸವಾರ ಕಾಲಿಡುವ ಬಳೆ) ಬಾರು, ಕೈಯಲ್ಲಿ ಹಿಡಿಯುವ ಲಗಾಮು, ಕಡಿವಾಣ ನೇತಾಡುವ ಕೆನ್ನೆಪಟ್ಟಿ, ಕಿವಿಯ ಹಿಂದೆ ಹೋಗುವ ತಲೆಪಟ್ಟಿ, ಇವು ಮೊದಲನೆಯವು. ಇವುಗಳಲ್ಲಿ ಒಂದು ತುಂಡಾದರೂ ಸವಾರ ನೆಲಕ್ಕೆ ಬೀಳುತ್ತಾನೆ ಇಲ್ಲವೇ ಕುದುರೆ ಕೈತಪ್ಪುತ್ತದೆ. ಇಲ್ಲಿ ಅನುಮಾನ ಬಂದರೆ ಹೊಸತು ಹಾಕಿ, ದೊಡ್ಡಪ್ಪನ ನೆನಪು ಅಂತ ನೋಡಬೇಡಿ. ಹಣೆಪಟ್ಟಿ, ಜೀನಿನ ಫ್ಲಾಪು (ಎರಡೂ ಬದಿಗೆ ಇಳಿಬಿದ್ದ ಚರ್ಮ), ಅಂಚಿನ ಅಲಂಕಾರ ಇವನ್ನೆಲ್ಲ ಎಷ್ಟು ಬೇಕಾದರೂ ತಾಳ್ಮೆಯಿಂದ ಉಳಿಸಿಕೊಳ್ಳಬಹುದು.

ಬಾರನ್ನು ಪರೀಕ್ಷೆ ಮಾಡುವುದು ಹೀಗೆ. ನುಣುಪು ಬದಿ ಹೊರಗೆ ಬರುವಂತೆ ಬೆರಳಿನ ಸುತ್ತ ಮಡಚಿ. ಕೂದಲಿನಂಥ ಸಣ್ಣ ಗೆರೆ ಮೇಲ್ಮೈಯಲ್ಲಿ ಮಾತ್ರ ಇದ್ದರೆ ಒಂದು ಮಾತು. ಬಿರುಕಿನಲ್ಲಿ ಒಳಗಿನ ನಾರು ಕಂಡರೆ ಆ ಬಾರು ಮುಗಿಯಿತು. ಬಕಲು ಸುತ್ತಿ ಮಡಚುವ ಜಾಗ ಮತ್ತು ಬಕಲಿನ ಮುಳ್ಳು ಹೋಗುವ ತೂತು, ಈ ಎರಡು ಕಡೆ ಬಿಚ್ಚಿಯೇ ನೋಡಿ. ಹೊರಗಿನಿಂದ ಚಂದ ಕಾಣುವ ಬಾರು ಒಳಮಡಿಕೆಯಲ್ಲಿ ಕೊಳೆತಿರುವುದು ತುಂಬಾ ಸಲ ಉಂಟು.

ನೀವೇ ಬಿರುಕು ಬಿಟ್ಟಿವೆ ಅಂದಿದ್ದೀರಿ, ಹಾಗಾದರೆ ಹೊಟ್ಟೆಪಟ್ಟಿಯ ಬಾರುಗಳು ಹೇಗೂ ಬದಲಾಗಬೇಕು. ಒಂದು ವಿಷಯ ಗಮನಿಸಿ. ಸಾಧಾರಣವಾಗಿ ಪ್ರತಿ ಬದಿಗೆ ಮೂರು ಬಾರು ಇರುತ್ತದೆ. ಮುಂದಿನ ಒಂದು ಬಾರು ಒಂದು ವೆಬ್ಬಿಗೆ (ಟ್ರೀ ಮೇಲೆ ಹಾದುಹೋಗುವ ದಪ್ಪ ನೂಲಿನ ಪಟ್ಟಿ), ಹಿಂದಿನ ಎರಡು ಬಾರು ಸೇರಿ ಇನ್ನೊಂದು ವೆಬ್ಬಿಗೆ ಹೊಲಿದಿರುತ್ತಾರೆ. ಅದಕ್ಕೇ ಹೊಟ್ಟೆಪಟ್ಟಿಯ ಎರಡು ಬಕಲುಗಳನ್ನು ಹಾಕುವಾಗ ಮುಂದಿನ ಬಾರು ಯಾವಾಗಲೂ ಸೇರಬೇಕು. ಒಂದು ವೆಬ್ ಹರಿದರೂ ಇನ್ನೊಂದು ಹಿಡಿದುಕೊಳ್ಳುತ್ತದೆ. ನಿಮ್ಮ ಮಲ್ಪೆಯವರಿಗೂ ಇದನ್ನು ಹೇಳಿ.

ಹೊಲಿಗೆಗೆ ಎರಡು ಸೂಜಿ, ಒಂದೇ ದಾರ. ಬೆಲ್ಟು ಹೊಲಿದವರಿಗೆ ಗೊತ್ತೇ ಇರುತ್ತದೆ. ಮಿಷಿನ್ ಹೊಲಿಗೆಯಲ್ಲಿ ಒಂದು ಕಡೆ ದಾರ ಸವೆದರೆ ಸಾಲೇ ಬಿಚ್ಚಿಕೊಳ್ಳುತ್ತದೆ, ಕೈಹೊಲಿಗೆಯಲ್ಲಿ ಒಂದು ಹೊಲಿಗೆ ಹೋದರೂ ಪಕ್ಕದ್ದು ನಿಲ್ಲುತ್ತದೆ. ಲಗಾಮಿಗೆ ಇಂಚಿಗೆ ಎಂಟು ಹೊಲಿಗೆ ಸಾಕು. ಚಂದಕ್ಕೆ ಅಂತ ಜಾಸ್ತಿ ಹಾಕಬೇಡಿ, ತೂತು ಹತ್ತಿರ ಹತ್ತಿರ ಬಂದರೆ ಅಂಚೆ ಚೀಟಿಯ ಹಾಗೆ ಅದೇ ಗೆರೆಯಲ್ಲಿ ಹರಿಯುತ್ತದೆ. ಹಳೇ ಹೊಲಿಗೆ ಬಿಚ್ಚಿದ ಕಡೆ ಹಳೇ ತೂತಿನಲ್ಲೇ ಹೊಲಿಯಿರಿ.

ಸುರತ್ಕಲ್ ಸುಮ

ಸೂಜಿದಾರ ಅಣ್ಣ ಹೇಳಿದ್ದು ಪೂರ್ತಿ ಸರಿ. ನಾನು ನಮ್ಮ ಊರಿನ ಹವೆಯ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ವಿಡಿಯೋಗಳಲ್ಲಿ ಹೇಳುವುದು ಒಣ ಚಳಿಯ ಊರಿನ ಉಪಾಯ. ಅಲ್ಲಿ ಚರ್ಮ ಒಣಗಿ ಸಾಯುತ್ತದೆ, ಇಲ್ಲಿ ನೆನೆದು ಸಾಯುತ್ತದೆ. ಗಾಳಿಯ ತೇವ ನೂರಕ್ಕೆ 65-70 ದಾಟಿದರೆ ಬೂಸ್ಟು ಬರಲು ಶುರು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಆಟಿಯಲ್ಲಿ ಕಪಾಟಿನೊಳಗಿನ ಚಪ್ಪಲಿಯೇ ಬೆಳ್ಳಗಾಗುತ್ತದೆ ಅಲ್ವಾ.

ಮೊದಲು ಆ ಬಿಳಿ ಪದರ ಬೂಸ್ಟು ಹೌದಾ ಅಲ್ವಾ ನೋಡಿ. ಚರ್ಮದ ಒಳಗಿನ ಕೊಬ್ಬು, ಮೇಣ ಮೇಲೆ ಬಂದು ಹೆಪ್ಪುಗಟ್ಟಿದರೂ ಬೆಳ್ಳಗೇ ಕಾಣುತ್ತದೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿಗಾಳಿ ಕೊಡಿ. ಕರಗಿ ಮಾಯವಾದರೆ ಕೊಬ್ಬು, ಬಟ್ಟೆಯಲ್ಲಿ ಒರೆಸಿದರೆ ಆಯಿತು. ಹಾಗೇ ಉಳಿದರೆ ಬೂಸ್ಟು.

ಬೂಸ್ಟಾದರೆ ಮನೆಯ ಹೊರಗೆ, ಮುಖಕ್ಕೆ ಮಾಸ್ಕ್ ಹಾಕಿ, ಮೆತ್ತನೆ ಬ್ರಷ್‌ನಿಂದ ಉದುರಿಸಿ. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಅರ್ಧರ್ಧ ಬೆರೆಸಿ, ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ ಒರೆಸಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ, ಬಣ್ಣ ಬಿಡಬಹುದು. ಆ ಬ್ರಷ್, ಬಟ್ಟೆ ಬೇರೆ ಚರ್ಮಕ್ಕೆ ಮುಟ್ಟಿಸಬೇಡಿ. ಗಾಳಿ ಆಡುವ ನೆರಳಿನಲ್ಲಿ ಒಣಗಿಸಿ. ನಡು ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಚರ್ಮ ಸೆಟೆದು ಬಿರುಕು ಬಿಡುತ್ತದೆ. ಚೆನ್ನಾಗಿ ಒಣಗಿದ ಮೇಲೆ ಸ್ಯಾಡಲ್ ಸೋಪು, ಅದೂ ಸ್ಪಂಜಿನಲ್ಲಿ ನೊರೆ ಬಾರದಷ್ಟು ಕಡಿಮೆ ನೀರು.

ಎಣ್ಣೆ ಕೊನೆಗೆ. ವಿಡಿಯೋದವರು ಹೇಳುವುದು ನೀಟ್ಸ್‌ಫುಟ್ ಎಣ್ಣೆ ಇರಬೇಕು, ದನದ ಕಾಲಿನ ಮೂಳೆಯಿಂದ ತೆಗೆಯುವಂಥದ್ದು. ಡಬ್ಬಿಯ ಮೇಲೆ ಕಾಂಪೌಂಡ್ ಅಂತ ಇದ್ದರೆ ಖನಿಜ ಎಣ್ಣೆ ಬೆರೆತಿರುತ್ತದೆ, ಶುದ್ಧದ್ದೇ ನೋಡಿ ತನ್ನಿ. ತೆಳುವಾಗಿ ಒಂದು ಕೈ ಹಚ್ಚಿ ಒಂದು ದಿನ ಬಿಡಿ, ಬೇಕೆನಿಸಿದರೆ ಮಾತ್ರ ಇನ್ನೊಮ್ಮೆ. ತಿಂಗಳಿಗೊಮ್ಮೆ ಎಣ್ಣೆ ನಮ್ಮ ಊರಿಗೆ ಖಂಡಿತ ಬೇಡ. ತೆಂಗಿನೆಣ್ಣೆ ಬೇಗ ಹಳಸುವುದಿಲ್ಲ ನಿಜ, ಆದರೆ ಚರ್ಮ ಕಪ್ಪಾಗುತ್ತದೆ, ಮತ್ತೆ ಮನೆಯಲ್ಲಿ ಯಾರಿಗೂ ಅದನ್ನು ಸ್ವಲ್ಪವೇ ಹಚ್ಚಿ ಗೊತ್ತಿಲ್ಲ. ಜಾಸ್ತಿಯಾದರೆ ಯಾವ ಎಣ್ಣೆಯಾದರೂ ಚರ್ಮ ಮೆತ್ತಗಾಗಿ ಹಿಗ್ಗುತ್ತದೆ, ಹೊಲಿಗೆಯ ದಾರ ಕೊಳೆಯುತ್ತದೆ, ಮೇಲೆ ಉಳಿದ ಜಿಡ್ಡು ಬೂಸ್ಟಿಗೆ ಊಟ. ಎಣ್ಣೆ ಇಳಿದ ಮೇಲೆ ಜೇನುಮೇಣ ಇರುವ ಪಾಲಿಶ್ ತೆಳುವಾಗಿ ಹಚ್ಚಿದರೆ ಮಳೆಗಾಲದ ತೇವ ಸ್ವಲ್ಪ ತಡೆಯುತ್ತದೆ.

ಇಡುವಾಗ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಹಳೇ ಬೈರಾಸು ಮುಚ್ಚಿ, ಗೋಡೆಗೆ ತಾಗದಂತೆ, ಫ್ಯಾನಿನ ಗಾಳಿ ತಾಗುವ ಕಡೆ ಇಡಿ. ಲಗಾಮಿನಂಥ ಚಿಕ್ಕ ಸಾಮಾನನ್ನು ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಬಹುದು, ಆದರೆ ಪೂರ್ತಿ ಒಣಗಿದ ಮೇಲೆಯೇ.

ಅಥಣಿಯವ ಮಣಿಪಾಲದಲ್ಲಿ

ಚರ್ಮದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಲಗಾಮಿಗೆ ಸಸ್ಯ ಹದದ ಚರ್ಮವೇ ಬೇಕು, ಅಂದರೆ ತೊಗಟೆ, ಕಾಯಿಯ ರಸದಲ್ಲಿ ಹದ ಮಾಡಿದ್ದು. ಬ್ಯಾಗಿಗೆ ಬರುವ ಕ್ರೋಮ್ ಹದದ ಚರ್ಮ ಎಳೆದರೆ ಹಿಗ್ಗುತ್ತದೆ, ಅಂಚು ತಿಕ್ಕಿದರೂ ನುಣುಪಾಗುವುದಿಲ್ಲ. ಗುರುತು ಹಿಡಿಯುವುದು ಸುಲಭ, ಕತ್ತರಿಸಿದ ಅಂಚು ನೋಡಿ. ನಡುವೆ ನೀಲಿ-ಬೂದು ಗೆರೆ ಇದ್ದರೆ ಹೆಚ್ಚಾಗಿ ಅದು ಕ್ರೋಮ್.

ನಮ್ಮ ಅಥಣಿ ಕಡೆ ಚಪ್ಪಲಿಗೆ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುವ ಪದ್ಧತಿ ಹಳೆಯದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿದಾಗ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಆ ಚರ್ಮ ಗಟ್ಟಿ, ಆದರೆ ಚಪ್ಪಲಿಗಾಗಿ ಮಾಡಿದ್ದು. ಲಗಾಮಿನ ಚರ್ಮಕ್ಕೆ ಹದ ಆದ ಮೇಲೆ ಕೊಬ್ಬು, ಮೇಣ ಬಿಸಿಯಾಗಿ ಉಣಿಸುತ್ತಾರೆ, ಅದರಿಂದಲೇ ಅದು ಬಾಗಿದರೂ ಬಿರಿಯುವುದಿಲ್ಲ. ಹಣೆಪಟ್ಟಿಗೆ, ಅಭ್ಯಾಸಕ್ಕೆ ಅಥಣಿ ಚರ್ಮ ಧಾರಾಳ ಸಾಕು. ಜೀವ ಹಿಡಿಯುವ ಬಾರಿಗೆ ಕಾನ್ಪುರದ ಬ್ರೈಡಲ್ ಲೆದರ್, ಅಂದರೆ ಈ ಲಗಾಮಿನ ಚರ್ಮವನ್ನೇ, ತರಿಸಿ. 1860ರ ದಶಕದಲ್ಲಿ ಸರ್ಕಾರ ಅಲ್ಲಿ ಸೈನ್ಯಕ್ಕಾಗಿ ಜೀನಿನ ಕಾರ್ಖಾನೆ ಹಾಕಿತು, ಇವತ್ತಿಗೂ ಅಲ್ಲಿಂದ ಹೊರದೇಶಕ್ಕೆ ಜೀನು ಹೋಗುತ್ತದೆ. ಚೆನ್ನೈಯ ಪೆರಿಯಮೇಟ್ ಮಾರ್ಕೆಟ್ಟಿನಲ್ಲೂ ಕೇಳಿ ನೋಡಬಹುದು.

ದಪ್ಪ: ಲಗಾಮಿಗೆ 3 ಮಿ.ಮೀ. ಆಸುಪಾಸು, ಹೊಟ್ಟೆಪಟ್ಟಿಯ ಬಾರಿಗೆ 4 ಮಿ.ಮೀ. ಬೆನ್ನುಮೂಳೆಯ ಪಕ್ಕದ ಭಾಗದಿಂದ ಉದ್ದಕ್ಕೆ ಕತ್ತರಿಸಿ. ಹೊಟ್ಟೆಯ ಭಾಗದ ಚರ್ಮ ಅಗ್ಗಕ್ಕೆ ಕೊಡುತ್ತಾರೆ, ಅದು ಹಿಗ್ಗುತ್ತದೆ, ಬಾರಿಗೆ ಬೇಡ. ಎಮ್ಮೆ ಚರ್ಮ ತುಂಡಾಗುವುದಿಲ್ಲ ಅಂತ ರಿಕಾಪಿನ ಬಾರಿಗೆ ಹೆಸರುವಾಸಿ, ಆದರೆ ಅದೂ ಚೆನ್ನಾಗಿ ಹಿಗ್ಗುತ್ತದೆ. ಎಲ್ಲರೂ ಎಡಗಡೆಯಿಂದ ಹತ್ತುವುದರಿಂದ ಎಡದ ಬಾರು ಬೇಗ ಉದ್ದ ಆಗುತ್ತದೆ, ಆಗಾಗ ಎಡ-ಬಲ ಬದಲಾಯಿಸಬೇಕು.

ದಾರ ಮಾತ್ರ ನಾರಗಸೆಯದ್ದೇ ಇರಲಿ, ಲಿನನ್ ಅಂತ ಕೇಳಿ. ಜೇನುಮೇಣ ತಿಕ್ಕಿ ಹೊಲಿಯಿರಿ. ಎಳೆತ ಜಾಸ್ತಿಯಾದರೆ ದಾರ ಹೋಗುತ್ತದೆ, ಚರ್ಮ ಉಳಿಯುತ್ತದೆ. ಪಾಲಿಯೆಸ್ಟರ್ ಹಾಕಿದರೆ ದಾರ ಗಟ್ಟಿ ಉಳಿದು ಚರ್ಮ ಹರಿಯುತ್ತದೆ.

ಕುಲಶೇಖರದ ಸೂಜಿದಾರ

ಅಥಣಿಯವರೇ, ದಾರದ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಒಣ ಊರಿನಲ್ಲಿ ಲಿನನ್ ಚಿನ್ನದಂಥ ದಾರ, ನಾನೂ ಒಪ್ಪುತ್ತೇನೆ. ಇಲ್ಲಿ ಕುದುರೆಯ ಬೆವರು, ಮಳೆ, ಸಮುದ್ರದ ಉಪ್ಪುಗಾಳಿ ಮೂರೂ ಸೇರಿ ಅದನ್ನು ಒಳಗಿಂದ ಕೊಳೆಸುತ್ತವೆ, ಹೊರಗೆ ಮೇಣ ಹೊಳೆಯುತ್ತಲೇ ಇರುತ್ತದೆ. ಬ್ರಹ್ಮಾವರದವರ ಲಗಾಮಿನ ಹೊಲಿಗೆ ಬಿಟ್ಟದ್ದೂ ಅದಕ್ಕೇ ಇರಬೇಕು. ಸವಾರಿಗೆ ಹೋಗುವ ಸಾಮಾನಿಗೆ ನಾನು ಮೇಣ ಹಾಕಿದ ಪಾಲಿಯೆಸ್ಟರ್ ದಾರ ಬಿಟ್ಟು ಬೇರೆ ಹಾಕುವುದಿಲ್ಲ. ಹಳೇ ಜೀನಿನ ಚಂದ ಉಳಿಸಬೇಕಾದ ಕಡೆ ಲಿನನ್ ಇರಲಿ.

ಕುದುರೆ ಮನೆಯಾಕೆ, ಉಡುಪಿ

ಕುದುರೆಯ ಕಡೆಯಿಂದಲೂ ಯಾರಾದರೂ ಮಾತಾಡಬೇಕಲ್ಲ. ಜೀನು ಎಷ್ಟೇ ಚಂದ ಆದರೂ ಆ ಕುದುರೆಗೆ ಕೂರದಿದ್ದರೆ ಉಪಯೋಗ ಇಲ್ಲ. ಪೊಲೀಸ್ ಕುದುರೆಗಳು ಸಾಧಾರಣವಾಗಿ ಎತ್ತರದ, ತುಂಬಿದ ಮೈಯವು. ನಮ್ಮ ಬೀಚಿನಲ್ಲಿ ಕಾಣುವ ಕುದುರೆಗಳು ಹೆಚ್ಚಾಗಿ ಗಿಡ್ಡ, ಬೆನ್ನು ಸಪೂರ. ಅಗಲದ ಟ್ರೀ ಸಪೂರ ಬೆನ್ನಿನ ಮೇಲೆ ಕುಸಿದು, ಹೆಗಲ ಉಬ್ಬಿಗೇ ತಾಗುತ್ತದೆ.

ಆದ್ದರಿಂದ ಹೊಲಿಯಲು ಕೂರುವ ಮೊದಲೇ, ಜೀನನ್ನು ಶುಚಿ ಮಾಡಿ ಒಮ್ಮೆ ಬಟ್ಟೆ ಹಾಕದೆ ಆ ಕುದುರೆಯ ಮೇಲೆ ಇಟ್ಟು ನೋಡಿ. ಹೆಗಲ ಉಬ್ಬಿಗೂ ಜೀನಿನ ಕಮಾನಿಗೂ ನಡುವೆ ಎರಡು ಮೂರು ಬೆರಳು ಸಲೀಸಾಗಿ ಹೋಗಬೇಕು, ಯಾರಾದರೂ ಮೇಲೆ ಕೂತಾಗಲೂ ಜಾಗ ಉಳಿಯಬೇಕು. ಹಿಂದಿನಿಂದ ಬಗ್ಗಿ ನೋಡಿದರೆ ಬೆನ್ನುಮೂಳೆಯ ಉದ್ದಕ್ಕೂ ಬೆಳಕು ಕಾಣಬೇಕು. ಸವಾರಿ ಆದ ಮೇಲೆ ಬೆನ್ನಿನ ಬೆವರು ನೋಡಿ. ಸುತ್ತ ಒದ್ದೆಯಾಗಿ ಒಂದು ಕಡೆ ಮಾತ್ರ ಒಣಗಿದ್ದರೆ ಅಲ್ಲಿ ಒತ್ತುತ್ತಿದೆ ಅಂತ ಅರ್ಥ. ಅದನ್ನು ಬಿಟ್ಟರೆ ಮುಂದೆ ಅಲ್ಲಿ ಬಿಳಿ ಕೂದಲು ಬರುತ್ತದೆ, ಗಾಯವೂ ಆಗುತ್ತದೆ. ಕುದುರೆಗೆ ಬಾಯಿ ಇಲ್ಲ, ಒದ್ದಾಗ ಅದು ಹಟ ಮಾಡುತ್ತದೆ ಅಂತ ಹೊಡೆಯುತ್ತಾರೆ. ನೋಡಿದರೆ ತಪ್ಪು ಜೀನಿನದ್ದು.

ಇನ್ನೊಂದು, ರಿಕಾಪಿನ ಬಾರು ಸಿಕ್ಕಿಸುವ ಕಬ್ಬಿಣದ ಕೊಂಡಿಯ ತುದಿಯಲ್ಲಿ ಮಡಚುವ ಚಿಕ್ಕ ನಾಲಗೆ ಇರುತ್ತದೆ. ತುಕ್ಕು ಹಿಡಿದು ಅದು ಮೇಲೆದ್ದು ಅಂಟಿಕೊಂಡಿದ್ದರೆ ಬಿಡಿಸಿ. ಸವಾರಿ ಮಾಡುವಾಗ ಅದು ಕೆಳಗೆ, ತೆರೆದೇ ಇರಬೇಕು. ಬಿದ್ದವರ ಕಾಲು ರಿಕಾಪಿನಲ್ಲಿ ಸಿಕ್ಕಿದರೆ ಬಾರು ಕಳಚಿ ಬರಲಿ ಅಂತ ಆ ವ್ಯವಸ್ಥೆ. ಮಲ್ಪೆಯಲ್ಲಿ ನೀರಿಗೆ ಇಳಿಸಿ ಸವಾರಿ ಮಾಡುವವರಾದರೆ, ಬಂದ ಕೂಡಲೇ ಸಿಹಿನೀರಿನ ಬಟ್ಟೆಯಲ್ಲಿ ಉಪ್ಪು ಒರೆಸುವುದನ್ನು ಅವರಿಗೆ ಈಗಲೇ ಹೇಳಿಬಿಡಿ.

ಬ್ರಹ್ಮಾವರದ ಬಾರು

ಇಷ್ಟು ವಿವರವಾಗಿ ಬರೆದಿರಿ, ಎಲ್ಲರಿಗೂ ತುಂಬಾ ಉಪಕಾರ. ನೋಡಿದ್ದನ್ನು ಹೇಳುತ್ತೇನೆ. ಟ್ರೀ ಗಟ್ಟಿ ಉಂಟು, ಸದ್ದಿಲ್ಲ, ಹುಡಿ ಉದುರಲಿಲ್ಲ. ಮೇಲಿನ ಬಿಳಿ ಪದರ ಬಿಸಿಗಾಳಿಗೆ ಕರಗಿತು. ಅಡಿಯ ಪ್ಯಾನೆಲ್ಲಿನದ್ದು (ಕುದುರೆಯ ಬೆನ್ನಿಗೆ ತಾಗುವ, ಉಣ್ಣೆ ತುಂಬಿದ ಮೆತ್ತೆ) ಕರಗಲಿಲ್ಲ, ಅದು ಬೂಸ್ಟೇ. ಮಲ್ಪೆಯ ದೊಡ್ಡ ಕುದುರೆಗೆ ಜೀನು ಕೂರುತ್ತದೆ, ಮೂರು ಬೆರಳು ಜಾಗ ಇದೆ, ಚಿಕ್ಕದಕ್ಕೆ ಆಗುವುದಿಲ್ಲ.

ಎರಡು ಅನುಮಾನ. ಲಗಾಮಿನ ಒಂದು ಬಾರು ಮತ್ತು ಎಡ ಫ್ಲಾಪಿನ ಮೂಲೆ ಮುಟ್ಟಿದರೆ ಇಟ್ಟಿಗೆ ಹುಡಿಯಂಥದ್ದು ಕೈಗೆ ಹತ್ತುತ್ತದೆ. ಎಣ್ಣೆ ಹಚ್ಚಿದರೆ ಸರಿ ಆದೀತಾ? ಹೊಟ್ಟೆಪಟ್ಟಿಯ ಬಾರು ನಾನೇ ಬದಲಾಯಿಸಬಹುದಾ, ಅಥವಾ ಬೆಂಗಳೂರಿಗೆ ಕಳಿಸಬೇಕಾ?

ಕುಲಶೇಖರದ ಸೂಜಿದಾರ

ಆ ಕೆಂಪು ಹುಡಿಗೆ ರೆಡ್ ರಾಟ್ ಅನ್ನುತ್ತಾರೆ. ಸಸ್ಯ ಹದದ ಹಳೇ ಚರ್ಮ ಹೊಗೆ, ಗಾಳಿಯ ಆಮ್ಲ ಕುಡಿದು ನಾರೇ ಸತ್ತು ಹೋಗುವುದು. ಅದು ವಾಪಸ್ ಬರುವುದಿಲ್ಲ. ಎಣ್ಣೆ, ನೀರು ಹಾಕಿದರೆ ಕಪ್ಪಾಗಿ ಇನ್ನೂ ಹಾಳಾಗುತ್ತದೆ. ಲಗಾಮಿನ ಆ ಬಾರನ್ನು ಅಳತೆಗೆ ಇಟ್ಟುಕೊಂಡು ಹೊಸದು ಕತ್ತರಿಸಿ, ಸವಾರಿಗೆ ಹಳೆಯದು ಬೇಡ. ಫ್ಲಾಪಿನ ಮೂಲೆ ಭಾರ ಹೊರುವುದಿಲ್ಲ, ಅದನ್ನು ಉಳಿಸಬಹುದು. ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಆಲ್ಕೋಹಾಲಿನಲ್ಲಿ ಕರಗಿಸಿ ತೆಳುವಾಗಿ ಹಚ್ಚಿದರೆ ಹುಡಿ ಕೂತುಕೊಳ್ಳುತ್ತದೆ. ಹಳೇ ಪುಸ್ತಕದ ಚರ್ಮದ ರಟ್ಟು ಉಳಿಸುವವರು ಬಳಸುವುದೂ ಅದನ್ನೇ.

ಬಕಲಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಲೇಪ, ನಮ್ಮ ಉಪ್ಪುಗಾಳಿಗೆ ಅದು ಬಾಳುವುದಿಲ್ಲ, ಬದಲಾಯಿಸಿ. ಹಸಿರು ಹಿಡಿದದ್ದು ಹಿತ್ತಾಳೆ, ಎಣ್ಣೆಯ ಜೊತೆ ಸೇರಿ ಹಾಗಾಗುತ್ತದೆ. ಕಡ್ಡಿಯಿಂದ ಕೆರೆದು ಒಣ ಬಟ್ಟೆಯಲ್ಲಿ ಒರೆಸಿದರೆ ಹೊಸದರಷ್ಟೇ ಗಟ್ಟಿ.

ಹೊಟ್ಟೆಪಟ್ಟಿಯ ಬಾರು ನೀವೇ ಬದಲಾಯಿಸಬಹುದು, ಆದರೆ ಅದು ಕೊನೆಯ ಕೆಲಸ ಆಗಲಿ. ಮೊದಲು ಹಣೆಪಟ್ಟಿ ಹೊಲಿಯಿರಿ, ಅದಕ್ಕೆ ಭಾರವೇ ಇಲ್ಲ. ಆಮೇಲೆ ಕೆನ್ನೆಪಟ್ಟಿ, ಲಗಾಮು. ದಪ್ಪ ಚರ್ಮದಲ್ಲಿ ಉಳಿ ನೇರ ಹೋಗುವ ಅಭ್ಯಾಸ ಅಷ್ಟರಲ್ಲಿ ಆಗುತ್ತದೆ. ಚರ್ಮ ಹಿಡಿಯುವ ಇಕ್ಕಳ ದುಡ್ಡು ಕೊಟ್ಟು ತರಿಸಬೇಡಿ, ಹಲಸಿನ ಮರದಲ್ಲಿ ಊರ ಆಚಾರಿಯವರೇ ಮಾಡಿಕೊಡುತ್ತಾರೆ.

ಬಾರು ಬದಲಾಯಿಸುವಾಗ ಪ್ಯಾನೆಲ್ ಬಿಚ್ಚಬೇಕಾಗುತ್ತದೆ, ಮುಂದೆ ಹಿಂದೆ ದಾರದಲ್ಲಿ ಕಟ್ಟಿರುತ್ತಾರೆ. ಹೇಗೂ ಒಳಗೆ ಬೂಸ್ಟು ಇರುವುದರಿಂದ ಉಣ್ಣೆಯನ್ನೂ ತೆಗೆದು ಹೊಸತು ತುಂಬಿ. ಎರಡೂ ಬದಿ ಸಮ ಬರಬೇಕು, ಗಂಟು ಉಳಿಯಬಾರದು. ವೆಬ್ಬನ್ನು ಬಲವಾಗಿ ಎಳೆದು ನೋಡಿ. ಅದು ಗಟ್ಟಿ ಇದ್ದರೆ ಹೊಸ ಬಾರನ್ನು ಹಳೇ ಜಾಗದಲ್ಲೇ ಚೌಕಟ್ಟಾಗಿ, ಒಂದಕ್ಕಿಂತ ಹೆಚ್ಚು ಸಾಲು ಹೊಲಿಯಿರಿ. ವೆಬ್ ನೂಲು ಬಿಟ್ಟಿದ್ದರೆ ಮಾತ್ರ ನೀವು ಮಾಡಬೇಡಿ. ಅದನ್ನು ಎಳೆದು ಬಿಗಿದು ಟ್ರೀಗೆ ಮೊಳೆ ಹೊಡೆಯುವುದು ಬೇರೆಯೇ ಕೈ, ಕಸುಬಿನವರಿಗೇ ಕೊಡಿ. ಮುಗಿದ ಮೇಲೆ ಗಟ್ಟಿ ಸ್ಟ್ಯಾಂಡಿಗೆ ಜೀನು ಬಿಗಿದು, ರಿಕಾಪಿನ ಮೇಲೆ ನೀವೇ ಪೂರ್ತಿ ಭಾರ ಹಾಕಿ ನಿಂತು ನೋಡಿ, ಆಮೇಲೆ ಕುದುರೆ.

ಈ ಮಳೆಯಲ್ಲಿ ಪ್ಯಾನೆಲ್ ಬಿಚ್ಚಬೇಡಿ, ಉಣ್ಣೆ ಒಣಗುವುದಿಲ್ಲ. ನವರಾತ್ರಿ ಕಳೆದು ಗಾಳಿ ಒಣಗಲಿ. ಬಿಚ್ಚುವಾಗ ಹಂತ ಹಂತವಾಗಿ ಫೋಟೋ ತೆಗೆದು ಇಲ್ಲಿ ಹಾಕಿ, ವೆಬ್ಬಿನ ಮೊಳೆಗಳು ಹೇಗಿವೆ ಅಂತ ನೋಡಿ ಮುಂದಿನದು ಹೇಳುತ್ತೇನೆ.